ಕಲ್ಕತ್ತದ ಒಂದು ಪ್ರಬಂಧ ಮತ್ತು ಉಲ್ಲೇಖಗಳ ಲೆಕ್ಕ

ಹಿರಿಯರೇ, ಸಹೋದ್ಯೋಗಿಗಳೇ, ಪ್ರೀತಿಯ ವಿದ್ಯಾರ್ಥಿಗಳೇ,

ಸಂಶೋಧಕರೊಬ್ಬರ ಸ್ವವಿವರ ಕೈಗೆ ಬಂದ ಕೂಡಲೇ ನಮ್ಮ ಕಣ್ಣು ಅಂಕಿಗಳನ್ನು ಹುಡುಕುತ್ತದೆ. ಪ್ರಬಂಧಗಳೆಷ್ಟು, ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಅವನ್ನು ಹೆಸರಿಸಿದ ಉಲ್ಲೇಖಗಳೆಷ್ಟು, ಎಚ್-ಇಂಡೆಕ್ಸ್ ಎಷ್ಟು? ಎಚ್-ಇಂಡೆಕ್ಸ್ ಎಂಬುದು ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ. ತಲಾ 10 ಸಲವಾದರೂ ಉಲ್ಲೇಖಗೊಂಡ 10 ಪ್ರಬಂಧಗಳಿದ್ದರೆ ನಿಮಗೆ 10 ಸಿಗುತ್ತದೆ. ಒಂದೇ ಒಂದು ಪ್ರಬಂಧ ಬರೆದು ಒಂದು ರೋಗದ ತಿಳಿವಳಿಕೆಯನ್ನೇ ಬದಲಿಸಿದವರಿಗೆ ಸಿಗುವುದು ಬರೀ 1. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಕಾರಣ, ಕಲ್ಕತ್ತದ ಕಾಲರಾ ಸಂಶೋಧಕ ಶಂಭುನಾಥ್ ಡೇ.

ಡೇ ಬಂಗಾಳದ ಹೂಗ್ಲಿ ಜಿಲ್ಲೆಯವರು, ಹುಟ್ಟಿದ್ದು 1915ರಲ್ಲಿ. ಲಂಡನ್ನಿನಲ್ಲಿ ರೋಗವಿಜ್ಞಾನಿ ರಾಯ್ ಕ್ಯಾಮರಾನ್ ಅವರ ಬಳಿ ಪಿಎಚ್.ಡಿ. ಮುಗಿಸಿ ಕಲ್ಕತ್ತಕ್ಕೆ ಮರಳಿದರು. ಅಲ್ಲಿ ಕಾಲರಾ ಎಂದರೆ ವಾರ್ಡಿನಲ್ಲಿ ದಿನವೂ ಕಾಣುವ ಸಾವು. ರಾಬರ್ಟ್ ಕಾಕ್ 1884ರಲ್ಲಿ ಅದೇ ಊರಿನಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿ, ಅದು ವಿಷವೊಂದನ್ನು ಉತ್ಪಾದಿಸುತ್ತಿರಬೇಕು ಎಂದು ಊಹಿಸಿದ್ದರು. ಆ ವಿಷವನ್ನು ತೋರಿಸಿಕೊಟ್ಟವರು ಮಾತ್ರ ಯಾರೂ ಇರಲಿಲ್ಲ.

ಡೇ ಮಾಡಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊಲದ ಹೊಟ್ಟೆಯನ್ನು ಬಿಡಿಸಿ, ಸಣ್ಣ ಕರುಳಿನ ಒಂದು ತುಂಡಿನ ಎರಡೂ ತುದಿಗಳನ್ನು ದಾರದಿಂದ ಬಿಗಿದು, ಅದರೊಳಗೆ ಕಾಲರಾ ರೋಗಾಣುಗಳನ್ನು ಚುಚ್ಚಿ, ಹೊಟ್ಟೆಯನ್ನು ಮತ್ತೆ ಹೊಲಿದರು. ಮರುದಿನ ಬಿಚ್ಚಿ ನೋಡಿದರೆ ಕಟ್ಟಿದ ಭಾಗ ಊದಿಕೊಂಡಿತ್ತು, ಒಳಗೆಲ್ಲ ಅಕ್ಕಚ್ಚಿನಂಥ ದ್ರವ. ಕಾಲರಾ ರೋಗಿಯ ಭೇದಿಯೂ ಅಕ್ಕಚ್ಚಿನಂತೆಯೇ ಇರುತ್ತದೆ ಎಂಬುದು ನಿಮಗೆ ಗೊತ್ತು. ಇದು 1953ರ ಪ್ರಬಂಧ, ಚಟರ್ಜಿ ಅವರೊಂದಿಗೆ ಬರೆದದ್ದು. 1959ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ರೋಗಾಣುಗಳನ್ನೆಲ್ಲ ಸೋಸಿ ತೆಗೆದ ಬರಿಯ ದ್ರವವನ್ನು ಚುಚ್ಚಿದರು. ಕರುಳು ಆಗಲೂ ಊದಿತು. ಕಾಕ್ ಊಹೆಗೆ 75 ವರ್ಷಗಳ ಬಳಿಕ ಸಾಕ್ಷಿ ಸಿಕ್ಕಿತು. ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಲೇಖಕರು ಒಬ್ಬರೇ.

ಆದರೆ ಮೊದಲ ಕೆಲವು ವರ್ಷ ಅದನ್ನು ಗಮನಿಸಿದವರು ಕಡಿಮೆ. ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಒಂದು ಪತ್ರಿಕೆಯ ಪ್ರಬಂಧಗಳು ಸರಾಸರಿ ಎಷ್ಟು ಸಲ ಉಲ್ಲೇಖಗೊಂಡಿವೆ ಎಂಬ ಅಂಕಿ, ಲೆಕ್ಕ ಹಾಕುವಾಗ ಹಿಂದಿನ ಎರಡು ವರ್ಷಗಳ ಪ್ರಬಂಧಗಳನ್ನಷ್ಟೇ ನೋಡುತ್ತಾರೆ. ಆ ಕಿಟಕಿಯಿಂದ ಇಣುಕಿದ್ದರೆ ಡೇ ಕಾಣುತ್ತಲೇ ಇರಲಿಲ್ಲ. 1969ರಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಾಲುಟೊ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ ಈ ಕ್ಷೇತ್ರ ವೇಗವಾಗಿ ಬೆಳೆಯಿತು, ಡೇ ಅವರ ಪ್ರಬಂಧವೂ ಬೆಳಕಿಗೆ ಬಂತು. ಉಲ್ಲೇಖಗಳಿಗೆ ಇನ್ನೊಂದು ಗುಣವಿದೆ. ಒಂದು ವಿಧಾನ ಎಲ್ಲರ ಕೈಗೂ ಬಂದು ಪಾಠಪುಸ್ತಕ ಸೇರಿದರೆ, ಕಂಡುಹಿಡಿದವರ ಹೆಸರನ್ನು ಬರೆಯುವ ಅಗತ್ಯವೇ ಯಾರಿಗೂ ತೋರುವುದಿಲ್ಲ. ಕರುಳು ಕಟ್ಟುವ ಪ್ರಯೋಗವನ್ನು ಓದಿದ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಡೇ ಹೆಸರನ್ನು ಕೇಳಿದ್ದೀರಿ?

ಅಂಕಿಗಳನ್ನು ತಳ್ಳಿಹಾಕಿ ಎಂದು ನಾನು ಹೇಳುತ್ತಿಲ್ಲ. ಡೇ ಅವರ ಪರವಾಗಿ ಗಟ್ಟಿಯಾಗಿ ಮಾತನಾಡಿದವರು, ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ಸೂಚಿಯನ್ನು 1964ರಲ್ಲಿ ಹೊರತಂದ ಯೂಜೀನ್ ಗಾರ್ಫೀಲ್ಡ್ ಅವರೇ. 1986ರಲ್ಲಿ ಅವರು ಕಾಲರಾ ಸಂಶೋಧನೆಯ ಉಲ್ಲೇಖಗಳ ನಕ್ಷೆ ಬಿಡಿಸಿ, ಡೇ ಅದರಲ್ಲಿ ಎಲ್ಲಿ ನಿಲ್ಲುತ್ತಾರೆ ಎಂದು ವಿವರವಾಗಿ ಬರೆದರು. ಎಣಿಕೆಯ ಯಂತ್ರವನ್ನು ಕಟ್ಟಿದವರೇ ಕೂತು ಓದಿದರು, ಓದಿ ಅರ್ಥ ಹೇಳಿದರು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಆ ಪ್ರಶಸ್ತಿಗೆ ಡೇ ಹೆಸರನ್ನು ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದರು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ 1990ರಲ್ಲಿ ಅವರಿಗಾಗಿಯೇ ವಿಶೇಷ ಸಂಚಿಕೆ ತಂದಿತು. ನಮ್ಮ ಊರಿನಿಂದ ಆ ಕೆಲಸ ಆಯಿತೆಂಬ ಹೆಮ್ಮೆ ನನಗಿದೆ. ಆದರೆ ಡೇ 1985ರಲ್ಲೇ ತೀರಿಕೊಂಡಿದ್ದರು. ದೇಶದ ಯಾವ ದೊಡ್ಡ ಗೌರವವೂ ಬದುಕಿದ್ದಾಗ ಅವರಿಗೆ ಸಿಗಲಿಲ್ಲ. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಸಂಕಿರಣ ಅವರನ್ನು ಕರೆಸಿಕೊಂಡಾಗ, ಅರವತ್ತರ ದಶಕದ ಆರಂಭದಲ್ಲೇ ಸತ್ತಿದ್ದ ತನ್ನನ್ನು ನೀವು ಹೂತಲ್ಲಿಂದ ಎತ್ತಿದ್ದೀರಿ ಎಂಬರ್ಥದ ಮಾತನ್ನು ಅವರು ಆಡಿದರು. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಯ್ಕೆ ಸಮಿತಿಗಳಲ್ಲಿ ಕೂರುವ ಹಿರಿಯರಲ್ಲಿ ನನ್ನದು ಒಂದೇ ಬಿನ್ನಹ. ಅಭ್ಯರ್ಥಿಯೇ ಆರಿಸಿಕೊಟ್ಟ ಎರಡು ಪ್ರಬಂಧಗಳನ್ನು ಸಂದರ್ಶನಕ್ಕೆ ಮುನ್ನ ಪೂರ್ತಿ ಓದಿ ಬನ್ನಿ. ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಡೇ ಅವರ 1959ರ ಪ್ರಬಂಧ ಒಂದೆರಡು ಪುಟದ್ದು. ಅದರ ಪ್ರತಿಗಳನ್ನು ತಂದಿದ್ದೇನೆ. ಈಗ ಹಂಚುತ್ತೇವೆ, ಮೊದಲ ಸಾಲಿನಿಂದ ಒಟ್ಟಿಗೆ ಓದೋಣ.