ಕೈ ಬಿಗಿಯಾದ ಕಾಲದ ಹಾಡು

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ಕಷ್ಟಕಾಲ ಬಂದರೆ ಜನ ದುಃಖದ ಹಾಡು ಕೇಳುತ್ತಾರೆ ಎನ್ನುವುದುಂಟು. ನನಗೆ ಈ ಮಾತಿನಲ್ಲಿ ಅರ್ಧ ನಂಬಿಕೆ ಮಾತ್ರ. ಅಮೆರಿಕದಲ್ಲಿ 1929ರ ಷೇರುಪೇಟೆ ಕುಸಿತದ ನಂತರ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ರೈಲುಹಳಿ ಹಾಕಿದ, ಗೋಪುರ ಕಟ್ಟಿದ ಆಳೊಬ್ಬ ಬೀದಿಯಲ್ಲಿ ನಿಂತು ಹತ್ತು ಸೆಂಟು ಬೇಡುವ ಹಾಡು 1932ರಲ್ಲಿ ಅಲ್ಲಿ ಮನೆಮಾತಾಯಿತು. ಹಾಡಿದವರಲ್ಲಿ ಬಿಂಗ್ ಕ್ರಾಸ್ಬಿಯೂ ಒಬ್ಬರು. ಆದರೆ ಮರುವರ್ಷವೇ ಒಂದು ಸಿನಿಮಾದಲ್ಲಿ ನರ್ತಕಿಯರು ನಾಣ್ಯಗಳ ವೇಷ ತೊಟ್ಟು, ನಮ್ಮ ಹತ್ತಿರ ದುಡ್ಡೋ ದುಡ್ಡು ಎಂದು ಕುಣಿದರು. ಎರಡನ್ನೂ ಕೇಳಿದ್ದು ಅದೇ ಜನ. 2008ರಲ್ಲಿ ಬ್ಯಾಂಕುಗಳು ಮುಳುಗಿದಾಗಲೂ ಹಾಗೆಯೇ. ಮರುವರ್ಷ ಬ್ಲ್ಯಾಕ್ ಐಡ್ ಪೀಸ್ ತಂಡದ ಎರಡು ಕುಣಿತದ ಹಾಡುಗಳು ಒಂದರ ಬೆನ್ನಿಗೊಂದು 26 ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿ ಬಿಟ್ಟಿಳಿಯಲಿಲ್ಲ.

ಹಾಗಾಗಿ ಸಾಹಿತ್ಯ ಹಿಡಿದುಕೊಂಡು ಕಾಲವನ್ನು ಅಳೆಯುವ ಕೆಲಸ ಬೇಡ. ಹಾಡಿಗೆ ದುಡ್ಡು ಕೊಡುವವರು ಯಾರು ಎಂದು ವಿಚಾರಿಸೋಣ. ಅಮೆರಿಕದಲ್ಲಿ 1927ರಲ್ಲಿ ಹತ್ತು ಕೋಟಿಯಷ್ಟು ಗ್ರಾಮಫೋನ್ ತಟ್ಟೆಗಳು ಮಾರಾಟವಾಗಿದ್ದವು. 1932ರಲ್ಲಿ ಅದು 60 ಲಕ್ಷಕ್ಕೆ ಇಳಿಯಿತು. ಜನ ಹಾಡು ಕೇಳುವುದನ್ನು ಬಿಟ್ಟರೇ? ಇಲ್ಲ, ಕೊಳ್ಳುವುದನ್ನು ಬಿಟ್ಟರು. ರೇಡಿಯೋದಲ್ಲಿ ಪುಕ್ಕಟೆ ಬರುತ್ತಿತ್ತು. ಪಾನಗೃಹದ ಜ್ಯೂಕ್‌ಬಾಕ್ಸಿಗೆ ಒಂದು ನಾಣ್ಯ ಹಾಕಿದರೆ ಹಾಡು ಬರುತ್ತಿತ್ತು.

ರೇಡಿಯೋದ ಈ ಬೆಲೆಯನ್ನು ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರಷ್ಟು ಬಲ್ಲವರಿಲ್ಲ. ಜಗಲಿಯಲ್ಲಿ ಕಾಲು ಚಾಚಿ ಕುಳಿತರೆ ಮಡಿಲಲ್ಲಿ ತಡ್ಪೆ ಎಂಬ ಮೊರ, ತಡ್ಪೆಯಲ್ಲಿ ಹೊಗೆಸೊಪ್ಪಿನ ಹುಡಿ, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಬೆರಳಿಗೆ ಸುತ್ತಿಕೊಂಡ ನೂಲು. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. ಕೈಗೆ ಕ್ಷಣದ ಪುರುಸೊತ್ತಿಲ್ಲ, ಕಿವಿಗೆ ಬೇಕಾದಷ್ಟು ಪುರುಸೊತ್ತು. ಕಿಟಕಿಯ ದಂಡೆಯ ಟ್ರಾನ್ಸಿಸ್ಟರಿನಲ್ಲಿ ಚಿತ್ರಗೀತೆ. ಸೆಲ್ಲು ಮುಗಿಯುತ್ತ ಬಂದು ಗಾಯಕಿಯ ಧ್ವನಿ ಕುಗ್ಗಿದರೆ, ಸೆಲ್ಲು ತೆಗೆದು ಅಂಗಳದ ಬಿಸಿಲಿಗಿಟ್ಟು ಮತ್ತೆ ಹಾಕುವುದು. ಇನ್ನೆರಡು ದಿನ ನಡೆಯುತ್ತಿತ್ತು. ಇದೇ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿದ್ದ ಕಾಲವೂ ಇತ್ತೆಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ.

ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿ ಇಲ್ಲಿ ಎಲ್ಲವೂ ತುಟ್ಟಿಯಾಯಿತು. ಆ ತೈಲದ ದುಡ್ಡೇ ನಮ್ಮ ಹುಡುಗರನ್ನು ಕೊಲ್ಲಿ ದೇಶಗಳಿಗೆ ಎಳೆದುಕೊಂಡು ಹೋಯಿತು. ರಜೆಯಲ್ಲಿ ಬರುವಾಗ ಅವರ ಕೈಯಲ್ಲಿ ರೇಡಿಯೋ, ಕ್ಯಾಸೆಟ್ ಎರಡೂ ನುಡಿಸುವ ಟೂ ಇನ್ ಒನ್ ಇರುತ್ತಿತ್ತು. ಕ್ಯಾಸೆಟ್ಟಿಗೆ ಬಂಡವಾಳ ಕಡಿಮೆ. ದೊಡ್ಡ ಕಂಪನಿಗಳು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದಿದ್ದ ತುಳು, ಬ್ಯಾರಿ ಹಾಡುಗಳಿಗೂ ಅದರಿಂದ ಜಾಗ ಸಿಕ್ಕಿತು. ಕೊಂಕಣಿಯ ವಿಲ್ಫಿ ರೆಬಿಂಬಸ್ ಅವರ ಹಾಡುಗಳು ಮಂಗಳೂರಿನ ಮನೆಗಳಿಂದ ಕೊಲ್ಲಿಯ ಕೋಣೆಗಳವರೆಗೆ ಹೋದವು. ಪಕ್ಕದ ಕೇರಳದಲ್ಲಿ ಎಸ್. ಎ. ಜಮೀಲ್ ಅವರು, ದುಬೈಯಲ್ಲಿರುವ ಗಂಡನಿಗೆ ಹೆಂಡತಿ ಬರೆದ ಪತ್ರವನ್ನೇ ಹಾಡಾಗಿಸಿದರು. ಕಷ್ಟಕಾಲ ಸಾಹಿತ್ಯದೊಳಕ್ಕೇ ಇಳಿದದ್ದು ಇಲ್ಲಿ. ಬಡತನ ಎಂಬ ಪದವಿಲ್ಲದೆ ಬರಿಯ ಅಗಲಿಕೆಯಾಗಿ ಇಳಿಯಿತು.

ಇನ್ನು ಯಕ್ಷಗಾನ. ಅದನ್ನು ಜನಪ್ರಿಯ ಸಂಗೀತದ ಸಾಲಿನಲ್ಲಿ ಕೂರಿಸಿದ್ದಕ್ಕೆ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಆಟದಲ್ಲಿ ಪದ್ಯ ಹಾಡುವ ಭಾಗವತ ಕಾಳಿಂಗ ನಾವಡರ ಪದ್ಯ ಕೇಳುವುದಕ್ಕೆಂದೇ ಟಿಕೆಟ್ ಕೊಂಡು ಡೇರೆಯೊಳಗೆ ನುಗ್ಗಿದ ಹುಡುಗರನ್ನು ಕೇಳಿ ನೋಡಿ. ಡೇರೆ ಮೇಳಕ್ಕೆ ಗಲ್ಲಾಪೆಟ್ಟಿಗೆಯೇ ದೇವರು. ಜನ ಬರಲೇಬೇಕು, ಅದಕ್ಕಾಗಿ ಹೊಸ ಪ್ರಸಂಗ, ತುಳು ಪ್ರಸಂಗ, ಸಿನಿಮಾದ ಗಾಳಿ ಸೋಕಿದ ಧಾಟಿ. ಟಿವಿ ಬಂದು, ಖರ್ಚು ಏರಿ, ತೆಂಕುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯಲ್ಲಿ, ಡೇರೆಗಳು ಒಂದೊಂದಾಗಿ ಮಡಚಿಕೊಂಡವು. ಉಳಿದು ಬೆಳೆದದ್ದು ಕಟೀಲಿನಂಥ ಹರಕೆಯಾಟದ ಮೇಳಗಳು. ಅಲ್ಲಿ ಖರ್ಚು ಹೊರುವವರು ಹರಕೆ ಹೊತ್ತ ಮನೆಯವರು, ಆಟ ಅವರ ಇಷ್ಟದ್ದು, ಬಹಳ ಕಡೆ ದೇವಿ ಮಹಾತ್ಮೆ. ಪ್ರೇಕ್ಷಕರು ಹತ್ತೇ ಜನರಿದ್ದರೂ ಭಾಗವತರ ಸಂಬಳಕ್ಕೆ ತೊಂದರೆಯಿಲ್ಲ. ಕಲೆ ಬದುಕಿತು ಎಂದು ಸಂತೋಷಪಡುತ್ತೇನೆ. ಆದರೂ ಮುಂದಿನ ಸಾಲಿನ ಸಿಳ್ಳೆಗೆ ಹೆದರಿ ಭಾಗವತರು ಒಂದು ಪದ್ಯವನ್ನು ತಿದ್ದಿ ತೀಡಿ ತರುತ್ತಿದ್ದ ಆ ಪೈಪೋಟಿಯೇ ಬೇರೆ.

ಈಗ ಯಾವುದಾದರೂ ರೋಸ್ ಸಮಾರಂಭಕ್ಕೆ, ಅಂದರೆ ಮಂಗಳೂರಿನ ಕ್ಯಾಥೊಲಿಕರ ಮದುವೆಗೆ ಮುಂಚಿನ ಶಾಸ್ತ್ರಕ್ಕೆ, ಹೋಗಿ. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಹೊತ್ತಿಗೆ ಮುಂಚೆ ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್ ಎಲ್ಲ ಇದ್ದ ಬ್ಯಾಂಡ್ ಬಾರಿಸುತ್ತಿತ್ತು. ಈಗ ಅನೇಕ ಕಡೆ ಕೀಬೋರ್ಡಿನ ಹಿಂದೆ ಒಬ್ಬ ಯುವಕ, ಪಕ್ಕದಲ್ಲಿ ಲ್ಯಾಪ್‌ಟಾಪ್. ಕಣ್ಣು ಮುಚ್ಚಿದರೆ ಹತ್ತು ಮಂದಿಯ ನಾದ, ತೆರೆದರೆ ಒಬ್ಬನೇ. ಸಭಾಭವನದ ಬಾಡಿಗೆ, ಊಟ, ಚಿನ್ನ ಎಲ್ಲವೂ ಏರಿದಾಗ ಮನೆಯವರು ಮೊದಲು ಕತ್ತರಿ ಹಾಕುವುದು ಬ್ಯಾಂಡಿಗೆ. ಊಟದಲ್ಲಿ ಒಂದು ಬಗೆ ಕಡಿಮೆಯಾದರೆ ನೆಂಟರು ವರ್ಷವಿಡೀ ಆಡಿಕೊಳ್ಳುತ್ತಾರೆ, ಟ್ರಂಪೆಟ್ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. 2020ರಲ್ಲಿ ಮದುವೆಗೆ 50 ಮಂದಿ ಎಂಬ ಮಿತಿ ಬಂದಾಗಲಂತೂ ಊದುವವರಿಗೆ ಪಟ್ಟಿಯಲ್ಲಿ ಜಾಗವೇ ಉಳಿಯಲಿಲ್ಲ.

ಸ್ಯಾಕ್ಸೊಫೋನಿಗೆ ಹೆಸರಾದ ಕದ್ರಿ ಗೋಪಾಲನಾಥರ ಜಿಲ್ಲೆ ಇದು. ಮನೆಯಲ್ಲಿ ಮದುವೆ ನಿಶ್ಚಯವಾಗಿರುವವರು ಯಾರಾದರೂ ಈಗ ಕೇಳುತ್ತಿದ್ದರೆ, ಐಸ್‌ಕ್ರೀಮಿನ ಮೂರು ಬಗೆಯಲ್ಲಿ ಎರಡನ್ನು ಬಿಟ್ಟು ಒಬ್ಬ ಸ್ಯಾಕ್ಸೊಫೋನಿನವರನ್ನಾದರೂ ಕರೆಸಿ. ದರವನ್ನು ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಚೌಕಾಶಿ ಮಾಡಬೇಡಿ.

ನಮಸ್ಕಾರ.