ಹೊಗೆಕೊಳವೆ ನೋಡಿ ಎಂಜಿನ್ ಹೇಳಿ: ಅಮೆರಿಕದ ಹಳೆಯ ಉಗಿ ಎಂಜಿನ್‌ಗಳನ್ನು ಸುಳಿವುಗಳಿಂದ ಗುರುತಿಸುವುದು

[ತೆರೆಯ ಮೇಲೆ: ಪ್ರಾಮಂಟರಿ ಸಮಿಟ್‌ನ ಕಪ್ಪು-ಬಿಳುಪು ಛಾಯಾಚಿತ್ರ]

ನಮಸ್ಕಾರ. 1869ರ ಮೇ 10ರಂದು ಅಮೆರಿಕದ ಯೂಟಾದ ಪ್ರಾಮಂಟರಿ ಸಮಿಟ್ ಎಂಬಲ್ಲಿ ಪೂರ್ವದಿಂದಲೂ ಪಶ್ಚಿಮದಿಂದಲೂ ಹಾಕುತ್ತ ಬಂದ ರೈಲು ಹಳಿಗಳು ಒಂದನ್ನೊಂದು ಕೂಡಿದವು. ಆ ಗಳಿಗೆಯಲ್ಲಿ ಎದುರುಬದುರಾಗಿ ನಿಂತಿದ್ದ ಎರಡು ಉಗಿ ಎಂಜಿನ್‌ಗಳು ಯಾವುವು ಎಂಬುದು ರಸಪ್ರಶ್ನೆಗಳಲ್ಲಿ ಸವೆದುಹೋದ ಪ್ರಶ್ನೆ. ಜ್ಯೂಪಿಟರ್ ಮತ್ತು ನಂಬರ್ 119 ಎಂಬ ಉತ್ತರವೂ ಅನೇಕರಿಗೆ ಬಾಯಿಪಾಠವಾಗಿದೆ. ಆದರೆ ವೀಕ್ಷಕರೊಬ್ಬರು ಕೇಳಿದ ಮುಂದಿನ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು: ಆಂಡ್ರ್ಯೂ ರಸೆಲ್ ಅಂದು ತೆಗೆದ ಈ ಚಿತ್ರದಲ್ಲಿ ಜ್ಯೂಪಿಟರ್ ಯಾವುದು, 119 ಯಾವುದು ಎಂದು ಹೆಸರು ಓದದೆಯೇ ಹೇಳಬಹುದೇ?

ಹೇಳಬಹುದು. ಅದಕ್ಕೆ ಮೊದಲು ಚಕ್ರಗಳ ಲೆಕ್ಕವನ್ನು ಬೇಗನೆ ಮುಗಿಸಿಬಿಡುತ್ತೇನೆ. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಫ್ರೆಡರಿಕ್ ವೈಟ್ 1900ರ ಹೊತ್ತಿಗೆ ರೂಪಿಸಿದ ಪದ್ಧತಿಯಲ್ಲಿ ಮುಂದಿನ ಸಣ್ಣ ಚಕ್ರಗಳು, ನಡುವಿನ ಎಳೆಯುವ ಚಕ್ರಗಳು, ಹಿಂದಿನ ಆಧಾರದ ಚಕ್ರಗಳು ಎಂದು ಮೂರು ಅಂಕಿಗಳಿರುತ್ತವೆ. 4-4-0 ಎಂದರೆ ‘ಅಮೆರಿಕನ್’, 4-6-2 ಎಂದರೆ ‘ಪೆಸಿಫಿಕ್’, 2-8-4 ಎಂದರೆ ‘ಬರ್ಕ್‌ಶೈರ್’. ನಮ್ಮ ಬ್ರಾಡ್‌ಗೇಜ್ ಹಳಿಗಳ ಮೇಲೆ ಗುಂಡುಮೂತಿ ಹೊತ್ತು ಓಡಿದ ಡಬ್ಲ್ಯೂಪಿ ಎಂಜಿನ್ ಕೂಡ ಪೆಸಿಫಿಕ್ ಜೋಡಣೆಯದೇ ಆಗಿದ್ದು, ಅದರ ಮೊದಲ 16 ಎಂಜಿನ್‌ಗಳು 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದಲೇ ಬಂದವು. ಪ್ರಾಮಂಟರಿಯ ಎರಡೂ ಎಂಜಿನ್‌ಗಳು 4-4-0 ಆಗಿರುವುದರಿಂದ ಚಕ್ರಗಳನ್ನು ಎಣಿಸಿ ನಮಗೆ ಲಾಭವಿಲ್ಲ.

[ತೆರೆಯ ಮೇಲೆ: ಎರಡೂ ಹೊಗೆಕೊಳವೆಗಳು ಹತ್ತಿರದಿಂದ]

ಆದ್ದರಿಂದ ತಲೆಯೆತ್ತಿ ಹೊಗೆಕೊಳವೆಗಳನ್ನು ನೋಡಿ. ಎಡಗಡೆಯ ಎಂಜಿನ್ನಿನದು ಮೇಲೆ ಹೋದಂತೆ ಬುಡ್ಡೆಯಾಗಿ ಉಬ್ಬಿದೆ. ಬಲಗಡೆಯದು ನೆಟ್ಟಗಿನ ಕೊಳವೆ. ಉಬ್ಬಿದ ಕೊಳವೆಯದು ಜ್ಯೂಪಿಟರ್. ಅದು ಕ್ಯಾಲಿಫೋರ್ನಿಯಾ ಕಡೆಯಿಂದ ಹಳಿ ಹಾಕುತ್ತ ಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಎಂಜಿನ್. ಆ ಕಡೆ ಕಲ್ಲಿದ್ದಲು ದುರ್ಲಭವಾಗಿತ್ತು, ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಮರ ಹೇರಳವಾಗಿತ್ತು. ಹೀಗಾಗಿ ಜ್ಯೂಪಿಟರ್ ಕಟ್ಟಿಗೆ ಉರಿಸುತ್ತಿತ್ತು. ಕಟ್ಟಿಗೆಯ ಬೆಂಕಿಯಿಂದ ಹಗುರವಾದ ಕೆಂಡದ ಕಿಡಿಗಳು ಹೊಗೆಯೊಡನೆ ಹಾರಿ ಹೋಗಿ, ಹಳಿಯ ಪಕ್ಕದ ಒಣಹುಲ್ಲನ್ನೋ ಹಿಂದಿನ ಬೋಗಿಯನ್ನೋ ಹೊತ್ತಿಸಬಲ್ಲವು. ಆ ಬುಡ್ಡೆಯೊಳಗೆ ನಡೆಯುವ ಕೆಲಸವನ್ನು ನಮ್ಮ ಅಂಗಳದಲ್ಲಿ ಮೊರ ಹಿಡಿದು ಧಾನ್ಯ ಕೇರುವುದಕ್ಕೆ ಹೋಲಿಸಬಹುದು. ಕೇರುವಾಗ ಹೊಟ್ಟು ಗಾಳಿಗೆ ಹಾರಿಹೋಗಿ ತೂಕದ ಕಾಳು ಮೊರದಲ್ಲಿ ಉಳಿಯುತ್ತದೆ. ಇಲ್ಲಿ ಒಳಗಿನ ಕಿರಿದಾದ ಕೊಳವೆಯಿಂದ ರಭಸವಾಗಿ ಏರಿದ ಹೊಗೆ ಮೇಲೆ ಕೂರಿಸಿದ ಶಂಕುವಿಗೆ ಬಡಿದು ಸುತ್ತಲೂ ಕೆಳಮುಖವಾಗಿ ತಿರುಗುತ್ತದೆ; ಹೊಗೆಗಿಂತ ತೂಕವಿರುವ ಕಿಡಿಗಳು ಒಳಕೊಳವೆಗೂ ಹೊರಕವಚಕ್ಕೂ ನಡುವಿನ ಜಾಗಕ್ಕೆ ಬೀಳುತ್ತವೆ; ಹೊಟ್ಟಿನಂತೆ ಹಗುರಾದ ಹೊಗೆ ಮಾತ್ರ ಬಾಯಿಯ ತಂತಿಬಲೆಯ ಮೂಲಕ ಹೊರಬೀಳುತ್ತದೆ. ಬಿದ್ದ ಕಿಡಿಗಳಿಗೆ ಸ್ಥಳ ಬೇಕಾದ್ದರಿಂದಲೇ ಕೊಳವೆಗೆ ಅಷ್ಟು ದೊಡ್ಡ ಹೊಟ್ಟೆ.

ಎದುರಿಗಿದ್ದ 119, ಪೂರ್ವದಿಂದ ಬಂದ ಯೂನಿಯನ್ ಪೆಸಿಫಿಕ್ ಕಂಪನಿಯದು. ಆ ಕಂಪನಿಯ ದಾರಿಯಲ್ಲಿ, ವಯೋಮಿಂಗ್‌ನಲ್ಲಿ, ಕಲ್ಲಿದ್ದಲು ಸಿಗುತ್ತಿತ್ತು. ಕಲ್ಲಿದ್ದಲಿಗೆ ಇಷ್ಟೆಲ್ಲ ಏರ್ಪಾಡು ಬೇಡವಾಗಿತ್ತು. ಒಂದೇ ಚೌಕಟ್ಟಿನಲ್ಲಿರುವ ಎರಡು ಕೊಳವೆಗಳಿಂದ ಒಂದು ಖಂಡದ ಎರಡು ದಿಕ್ಕುಗಳ ಇಂಧನವನ್ನು ಓದಬಹುದು. ಇತಿಹಾಸದ ಛಾಯಾಚಿತ್ರಗಳಲ್ಲಿ ಇಷ್ಟು ಸ್ಪಷ್ಟವಾಗಿ ಮಾತನಾಡುವ ಇನ್ನೊಂದು ವಿವರವನ್ನು ನಾನು ಕಂಡಿಲ್ಲ.

ಇದೇ ಎಂಜಿನ್‌ಗಳ ಬಗ್ಗೆ ಇನ್ನೂ ಸೊಗಸಾದ ಸುಳಿವೊಂದಿದೆ: ಎರಡೂ ಬದಲಿಯಾಗಿ ಬಂದವು. ಸೆಂಟ್ರಲ್ ಪೆಸಿಫಿಕ್‌ನ ಮುಖ್ಯಸ್ಥ ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್ ಅವರ ರೈಲನ್ನು ಆಂಟೆಲೋಪ್ ಎಂಬ ಎಂಜಿನ್ ಎಳೆಯಬೇಕಾಗಿತ್ತು. ಹಳಿಯ ಮೇಲೆ ಬಿದ್ದ ಮರದ ದಿಮ್ಮಿಗೆ ಸಿಲುಕಿ ಅದು ಜಖಂಗೊಂಡಿತು. ಯೂನಿಯನ್ ಪೆಸಿಫಿಕ್‌ನವರ ಎಂಜಿನ್ ಪ್ರವಾಹದಿಂದ ದುರ್ಬಲಗೊಂಡ ಸೇತುವೆಯನ್ನು ದಾಟಲಾರದೆ ಹಿಂದೆಯೇ ಉಳಿಯಿತು. ಹೀಗೆ ಆಕಸ್ಮಿಕವಾಗಿ ಚರಿತ್ರೆ ಸೇರಿದ ಈ ಎರಡನ್ನೂ ಮುಂದೆ ಯಾರೂ ಕಾಪಾಡಲಿಲ್ಲ. 119ನ್ನು 1903ರಲ್ಲಿಯೂ ಜ್ಯೂಪಿಟರನ್ನು 1909ರಲ್ಲಿಯೂ ಗುಜರಿಗೆ ಹಾಕಲಾಯಿತು. ಇಂದು ಪ್ರಾಮಂಟರಿಯಲ್ಲಿ ಓಡುತ್ತಿರುವವು 1979ರ ಪ್ರತಿಕೃತಿಗಳು. ಇದನ್ನು ನೆನೆದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

[ತೆರೆಯ ಮೇಲೆ: ಮುಂಭಾಗದಲ್ಲಿ ಚಾಲಕನ ಕೋಣೆಯಿರುವ ಎಂಜಿನ್]

ಆಕಾರಕ್ಕೆ ಕಾರಣ ತಿಳಿದರೆ ಉಳಿದ ಸುಳಿವುಗಳೂ ಸುಲಭವಾಗುತ್ತವೆ. ‘ಹಿಂದುಮುಂದಾಗಿ ಕಾಣುವ ಎಂಜಿನ್’ ಎಂದರೆ ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯ ಕ್ಯಾಬ್ ಫಾರ್ವರ್ಡ್. ಅದೇ ಸಿಯೆರಾ ನೆವಾಡಾದ ಸುರಂಗಗಳಲ್ಲಿಯೂ ಹಿಮ ತಡೆಯಲು ಹಳಿಯ ಮೇಲೆ ಕಟ್ಟಿದ ಉದ್ದನೆಯ ಮರದ ಮಾಡುಗಳಲ್ಲಿಯೂ ದೈತ್ಯ ಎಂಜಿನ್ನಿನ ಹೊಗೆ ತುಂಬಿಕೊಂಡು ಚಾಲಕರಿಗೆ ಉಸಿರುಗಟ್ಟುತ್ತಿತ್ತು. ಆದ್ದರಿಂದ ಚಾಲಕನ ಕೋಣೆಯನ್ನು ಹೊಗೆಕೊಳವೆಗಿಂತ ಮುಂದಕ್ಕೆ ತರಲಾಯಿತು. ಕಲ್ಲಿದ್ದಲಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ, ಏಕೆಂದರೆ ಅದನ್ನು ಸಲಿಕೆಯಿಂದ ಹಾಕುವವನು ಇಂಧನದ ಬಂಡಿಯ ಪಕ್ಕದಲ್ಲಿಯೇ ಇರಬೇಕು. ಎಣ್ಣೆಯನ್ನಾದರೆ ಎಂಜಿನ್ನಿನ ಉದ್ದಕ್ಕೂ ಕೊಳವೆಯಲ್ಲಿ ಮುಂದಕ್ಕೆ ಹರಿಸಬಹುದು. ಈ ಬಗೆಯ ಎಂಜಿನ್‌ಗಳಲ್ಲಿ 1944ರ 4294 ಮಾತ್ರ ಉಳಿದಿದ್ದು, ಅದು ಸ್ಯಾಕ್ರಮೆಂಟೋದ ಕ್ಯಾಲಿಫೋರ್ನಿಯಾ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ.

ಸಮಯ ಕಡಿಮೆಯಿರುವುದರಿಂದ ಉಳಿದವನ್ನು ಒಟ್ಟಾಗಿ ಹೇಳುತ್ತೇನೆ. ಚಾಲಕ ಬಾಯ್ಲರಿನ ನಡುವೆ, ಇಂಧನ ಹಾಕುವವ ಹಿಂದೆ ಬೇರೆಯಾಗಿ ಎಂದರೆ ಅದು ಕ್ಯಾಮೆಲ್‌ಬ್ಯಾಕ್; ಪೆನ್ಸಿಲ್ವೇನಿಯಾದ ಆಂತ್ರಸೈಟ್ (ಗಟ್ಟಿ ಕಲ್ಲಿದ್ದಲು) ಗಣಿಗಳ ಪುಡಿಯನ್ನು ಉರಿಸಲು ಬೇಕಾದ ಅಗಲವಾದ ಒಲೆ ಚಾಲಕನಿಗೆ ಹಿಂದೆ ಜಾಗ ಬಿಡಲಿಲ್ಲ. ಬಾಯ್ಲರ್ ಎಡಕ್ಕೆ ಸರಿದು, ಬಲಬದಿಯಲ್ಲಿ ಸಿಲಿಂಡರ್‌ಗಳು ನೆಟ್ಟಗೆ ನಿಂತಿದ್ದರೆ, ಅದು ಮಿಷಿಗನ್‌ನ ಮರದ ವ್ಯಾಪಾರಿ ಎಫ್ರೈಮ್ ಶೇ ರೂಪಿಸಿದ ಗೇರಿನ ಎಂಜಿನ್. ಕಾರ್ಖಾನೆಯ ಕೆಲಸಗಾರನೊಬ್ಬ ಮೂತಿಯ ಮೇಲೆ ಸೀಮೆಸುಣ್ಣದಿಂದ ಗೀಚಿದ ಹೆಸರೇ ಉಳಿದುಕೊಂಡಿತು ಎಂದರೆ ಯೂನಿಯನ್ ಪೆಸಿಫಿಕ್‌ನ 4-8-8-4 ಬಿಗ್ ಬಾಯ್; ಎಳೆಯುವ ಚಕ್ರಗಳ ಗುಂಪು ಎರಡಿರುವುದರಿಂದ ಇಲ್ಲಿ ನಾಲ್ಕು ಅಂಕಿ. 1941 ಮತ್ತು 1944ರಲ್ಲಿ ಒಟ್ಟು 25 ತಯಾರಾದವು, 8 ಉಳಿದಿವೆ, ಅವುಗಳಲ್ಲಿ 4014 ದುರಸ್ತಿಗೊಂಡು 2019ರಲ್ಲಿ ಪ್ರಾಮಂಟರಿಯ 150ನೆಯ ವರ್ಷಕ್ಕೆ ಮತ್ತೆ ಹಳಿಗಿಳಿಯಿತು. ಡಿಸೆಂಬರ್ 25 ಎಂದು ಓದಬಹುದಾದ ಸಂಖ್ಯೆ ಹೊತ್ತ ಬರ್ಕ್‌ಶೈರ್ ಯಾವುದು ಎಂದು ಕೇಳಿದರೆ ಪಿಯರ್ ಮಾರ್ಕೆಟ್ ಎಂಬ ರೈಲ್ವೆಯ 1225 ಎಂದು ಹೇಳಿ.

ಕೊನೆಯದನ್ನು ನಿಮಗೇ ಬಿಡುತ್ತೇನೆ. 1862ರ ಏಪ್ರಿಲ್ 12ರಂದು, ಅಂತರ್ಯುದ್ಧದ ನಡುವೆ, ಉತ್ತರದ ಪಡೆಯ ವೇಷಧಾರಿಗಳು ಜಾರ್ಜಿಯಾದ ಬಿಗ್ ಶಾಂಟಿಯಲ್ಲಿ ಜನರಲ್ ಎಂಬ ಎಂಜಿನನ್ನು ಕದ್ದು ಉತ್ತರಕ್ಕೆ ಓಡಿಸಿದರು. ಅದನ್ನು ಹಿಮ್ಮುಖವಾಗಿ ಚಲಿಸುತ್ತಲೇ ಬೆನ್ನಟ್ಟಿದ, ಈಗ ಅಟ್ಲಾಂಟಾದಲ್ಲಿರುವ ಎಂಜಿನ್ ಯಾವುದು? ಉತ್ತರವನ್ನು ಕೆಳಗೆ ಬರೆಯಿರಿ.