ಉರು ಹೊಡೆಯಬೇಡಿ, ಬಂದರಿಗೆ ಬನ್ನಿ

ಕೇಳುಗರಿಗೆಲ್ಲ ನಮಸ್ಕಾರ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಕೇಳುತ್ತಿದ್ದರೆ ಗೈಡನ್ನು ಸ್ವಲ್ಪ ಹೊತ್ತು ಮುಚ್ಚಿಡಿ. ಅಪ್ಪ ಅಮ್ಮಂದಿರೂ ಕೇಳಿ, ಕೆಲಸ ಮಾಡ್ತಾ ಕೇಳಿದರೂ ಸಾಕು.

ಓದು, ಕಲಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ನುಡಿಗಟ್ಟುಗಳಿವೆ. ನಮ್ಮ ಮಕ್ಕಳು ಪಟ್ಟಿ ಮಾಡಿಕೊಂಡು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲ ಖಾಲಿ. ನಾನು ಹೇಳುವುದು ಒಂದೇ ಮಾತು: ಉರು ಹೊಡೆಯಬೇಡಿ. ಆ ಮಾತು ಯಾವ ಕೆಲಸದಿಂದ ಬಂತೋ ಆ ಕೆಲಸ ನೋಡಿ.

‘ಲರ್ನ್ ದ ರೋಪ್ಸ್’ ತಗೊಳ್ಳಿ. ಗೈಡಿನಲ್ಲಿ ‘ಕೆಲಸದ ಮೂಲ ಅಂಶಗಳನ್ನು ಅರಿಯುವುದು’ ಅಂತಿರುತ್ತದೆ. ಇಷ್ಟು ಓದಿದರೆ ಯಾರಿಗೆ ನೆನಪಿರುತ್ತದೆ ಹೇಳಿ? ಇದು ಹಾಯಿಹಡಗಿನ ಕಾಲದ ಮಾತು. ದೊಡ್ಡ ಹಡಗಿನಲ್ಲಿ ನೂರಾರು ಹಗ್ಗ. ಯಾವುದನ್ನು ಎಳೆದರೆ ಯಾವ ಹಾಯಿ ಏಳುತ್ತದೆ, ಹೊಸಬ ಮೊದಲು ಅದನ್ನೇ ಕಲಿಯಬೇಕು. ಕತ್ತಲಲ್ಲೂ ಕೈ ತಪ್ಪುವಂತಿಲ್ಲ.

ಕಾರವಾರದ ಮಕ್ಕಳಿಗೆ ಇದಕ್ಕೆ ಗೈಡು ಯಾಕೆ? ಒಂದು ಮಳೆಗಾಲ ಕೆಲವು ವಿದ್ಯಾರ್ಥಿಗಳನ್ನು ಬೈತಖೋಲ ಬಂದರಿಗೆ ಕರೆದುಕೊಂಡು ಹೋಗಿದ್ದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಬೋಟುಗಳೆಲ್ಲ ಕಟ್ಟಿ ನಿಂತಿದ್ದವು. ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, ಪರ್ಸಿನ್ ಬಲೆ ಬಿಡಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಆ ವರ್ಷ ಹೊಸದಾಗಿ ಸೇರಿದ ಹುಡುಗ. ಬಲೆಯ ಮೇಲಂಚಿಗೆ ಬೆಂಡು, ಕೆಳಗೆ ಸಾಲಾಗಿ ರಿಂಗು. ರಿಂಗುಗಳೊಳಗೆ ಹಾದ ಹಗ್ಗ ಎಳೆದರೆ ಬಲೆಯ ತಳ ಮುಚ್ಚಿಕೊಳ್ಳುತ್ತದೆ, ಮೀನು ಒಳಗೇ ಉಳಿಯುತ್ತದೆ. ಆ ಹುಡುಗ ಹಗ್ಗದ ಸುರುಳಿಯೊಳಗೇ ಕಾಲಿಟ್ಟು ನಿಂತಿದ್ದ. ತಾಂಡೇಲರು ಬೈಯಲಿಲ್ಲ. ತುದಿ ಹಿಡಿದು ಮೆಲ್ಲಗೆ ಎಳೆದರು. ಸುರುಳಿ ಬಿಗಿದು ಅವನ ಪಾದಕ್ಕೆ ಸುತ್ತಿಕೊಂಡಿತು. ಬಲೆ ಬಿಡುವಾಗ ಹೀಗೆ ನಿಂತರೆ ಹಗ್ಗದ ಜೊತೆ ನೀನೂ ನೀರಿಗೆ ಎಂದು ಕೊಂಕಣಿಯಲ್ಲಿ ಹೇಳಿದರು. ಹುಡುಗ ಥಟ್ಟನೆ ಕಾಲು ತೆಗೆದ. ಆಮೇಲೆ ಅದೇ ಹಗ್ಗವನ್ನು ಅವನ ಕೈಯಲ್ಲೇ ಬಿಚ್ಚಿಸಿದರು, ಸುತ್ತಿಸಿದರು, ಮತ್ತೆ ಬಿಚ್ಚಿಸಿದರು.

ನನ್ನ ಜೊತೆಗಿದ್ದ ಹುಡುಗಿಯೊಬ್ಬಳು ಅಲ್ಲೇ ಕೂಗಿದಳು, ‘ಸರ್, ಹಿ ಈಸ್ ಲರ್ನಿಂಗ್ ದ ರೋಪ್ಸ್!’ ನಾನು ಪಾಠವನ್ನೇ ಮಾಡಿರಲಿಲ್ಲ. ವಾಪಸ್ ಬರುವಾಗ ಕೇಳಿದಳು, ‘ನಮ್ಮಕ್ಕ ಈಗಷ್ಟೇ ಬ್ಯಾಂಕಿಗೆ ಸೇರಿದಾಳೆ ಸರ್. ಅವಳಿಗೂ ಹೀಗೇ ಹೇಳಬಹುದಾ?’ ಧಾರಾಳವಾಗಿ ಹೇಳಬಹುದು! ನನಗಾದ ಖುಷಿ ಅಷ್ಟಿಷ್ಟಲ್ಲ.

ಅಯ್ಯೋ, ಸಮಯ ಮುಗಿಯುತ್ತ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಶಿರಸಿ, ಸಿದ್ದಾಪುರದ ಮಕ್ಕಳೇ, ನಿಮಗೆ ‘ಗೆಟ್ ದ ಹ್ಯಾಂಗ್ ಆಫ್ ಇಟ್’. ಅಂದರೆ ಕೆಲಸ ಕೈಗೆ ಹತ್ತುವುದು. ಅಡಿಕೆ ಸುಲಿಯುವವರ ಪಕ್ಕ ಒಂದು ಸಂಜೆ ಕೂತು ನೋಡಿ. ‘ಫ್ಲೈಯಿಂಗ್ ಕಲರ್ಸ್’ ಮತ್ತೆ ಕಡಲಿನದು. ಇಲ್ಲಿ ಕಲರ್ಸ್ ಅಂದರೆ ಹಡಗಿನ ಬಾವುಟ. ಸೋತ ಹಡಗು ಬಾವುಟ ಇಳಿಸುತ್ತಿತ್ತು, ಗೆದ್ದದ್ದು ಹಾರಿಸಿಕೊಂಡೇ ಬರುತ್ತಿತ್ತು. ಹಾಗಾಗಿ ಒಳ್ಳೇ ಅಂಕ ಬಂದಾಗ ಮಾತ್ರ ಬಳಸಿ, ಅಂತೂ ಇಂತೂ ಪಾಸಾದಾಗ ಬೇಡ. ‘ಬರ್ನ್ ದ ಮಿಡ್‌ನೈಟ್ ಆಯಿಲ್’ ಬೇಕಾದರೆ ಅಜ್ಜಿಯನ್ನು ಕೇಳಿ, ಚಿಮಣಿ ಬುಡ್ಡಿಗೆ ಎಣ್ಣೆ ಹಾಕಿ ರಾತ್ರಿ ಓದಿದವರ ಕತೆ ಅವರ ಹತ್ತಿರ ಇರುತ್ತದೆ.

ಈ ವಾರ ಇಷ್ಟು ಮಾಡಿ. ಮನೆಯಲ್ಲಿ ನಡೆಯುವ ಒಂದು ಕೆಲಸ ನೋಡಿ, ಅದಕ್ಕೆ ಹೊಂದುವ ಒಂದೇ ನುಡಿಗಟ್ಟು ಬಳಸಿ ಮೂರು ವಾಕ್ಯ ಬರೆಯಿರಿ. ಮನೆಯವರ ಮುಂದೆ ಜೋರಾಗಿ ಓದಿ. ನಿಮ್ಮ ಮೇಷ್ಟ್ರಿಗೂ ತೋರಿಸಿ. ಪಟ್ಟಿ ಮಾತ್ರ ದಯವಿಟ್ಟು ಬೇಡ. ನಮಸ್ಕಾರ.